ತಾತ ಮಾತು ಬಿಟ್ಟಿದ್ದ ಮರ

ಊರಿನ ಮಕ್ಕಳೆಲ್ಲ ಅವನನ್ನು ಬ್ರಷ್ ತಾತ ಎನ್ನುತ್ತಿದ್ದರು. ಅವನಿಗೂ ಒಂದು ಹೆಸರಿತ್ತು, ಇಲ್ಲವೆಂದಲ್ಲ. ಆದರೆ ಅದನ್ನು ಬಳಸುತ್ತಿದ್ದವನು ಪೋಸ್ಟ್‌ಮ್ಯಾನ್ ಒಬ್ಬನೇ, ಅವನೂ ಯಾವಾಗಲೋ ಒಮ್ಮೆ. ಕಾಡಿನ ಗೇಟಿನ ಪಕ್ಕ ಒಂದು ಮರದ ಬೆಂಚು, ಅದರ ಮುಂದೆ ಔಷಧಿ ನೀರು ತುಂಬಿದ ಅಗಲವಾದ ತಗಡಿನ ತಟ್ಟೆ, ಗಡುಸು ಕೂದಲಿನ ಬ್ರಷ್ಷುಗಳು, ಸಂದಿಯ ಮಣ್ಣು ಕೆದಕಲು ಒಂದು ದಬ್ಬಣ. ತಾತನ ಆಫೀಸು ಇಷ್ಟೇ. ಒಳಗೆ ಹೋಗುವವರು ಯಾರೇ ಆಗಲಿ, ಬೆಂಚಿನ ಮೇಲೆ ಕೂತು ಕಾಲು ಮುಂದೆ ಚಾಚಬೇಕು. ತಾತ ಶೂಗಳ ಅಟ್ಟೆ ತಿರುಗಿಸಿ ನೋಡಿ, ಕೆದಕಿ, ಉಜ್ಜಿ, ತಟ್ಟೆಯಲ್ಲಿ ಅದ್ದಿಸಿ, "ಹೂಂ, ಹೋಗಿ" ಎಂದ ಮೇಲೆಯೇ ಗೇಟು ತೆರೆಯುತ್ತಿತ್ತು. ಕಾರಿನಲ್ಲಿ ಬಂದ ದೊಡ್ಡ ಸಾಹೇಬರೊಬ್ಬರು ಒಮ್ಮೆ ಮುಖ ಸಿಂಡರಿಸಿಕೊಂಡು, ನಾನು ಯಾರೆಂದು ಗೊತ್ತೇ ಎಂದು ಕೇಳಿದ್ದರು. ಗೊತ್ತಿಲ್ಲ, ಆದರೆ ನಿಮ್ಮ ಬಲಗಾಲಿನ ಅಟ್ಟೆಯಲ್ಲಿ ಹಸುವಿನ ಸಗಣಿ ಇದೆ ಎಂದಿದ್ದ ತಾತ.

ಅಟ್ಟೆ ಎಂದರೆ ತಾತನಿಗೆ ಅಷ್ಟು ಸಲಿಗೆ. ಬದುಕಿನ ಬಹುಪಾಲು ಅವನು ಕಳೆದದ್ದು ಬೀದಿಯ ತಿರುವಿನ ಒಂದು ಗೂಡಂಗಡಿಯಲ್ಲಿ, ಊರವರ ಚಪ್ಪಲಿ ಶೂಗಳನ್ನು ಹೊಲಿಯುತ್ತ. ಹಿಮ್ಮಡಿ ಎಷ್ಟು ಸವೆದಿದೆ ಎಂದು ನೋಡಿ ಆಸಾಮಿ ಆತುರದವನೋ ಸೋಮಾರಿಯೋ ಹೇಳುತ್ತಿದ್ದ. ಅದರಲ್ಲಿ ಅರ್ಧ ತಪ್ಪಾಗುತ್ತಿತ್ತು, ಆದರೆ ಹೇಳುವ ಧಾಟಿಗೆ ಜನ ತಲೆದೂಗುತ್ತಿದ್ದರು. ಆಮೇಲೆ ಕಾಲ ಬದಲಾಯಿತು. ಹರಿದದ್ದನ್ನು ಹೊಲಿಸುವುದಕ್ಕಿಂತ ಎಸೆದು ಹೊಸದು ಕೊಳ್ಳುವುದೇ ಸುಲಭ ಎಂದು ಜನಕ್ಕೆ ಅನಿಸತೊಡಗಿ, ಗೂಡಂಗಡಿಯ ಬಾಗಿಲು ಬಿತ್ತು. ತಾತ ಮನೆಯಲ್ಲಿ ಕೂತು ಗೋಡೆ ನೋಡುವ ಕೆಲಸ ಹಿಡಿದಿದ್ದಾಗ ಅವನನ್ನು ಹುಡುಕಿಕೊಂಡು ಬಂದವರು ಗಿಡದ ಡಾಕ್ಟರಮ್ಮ. ಕಾಡು ಸುತ್ತುವ ತಮ್ಮ ಬೂಟಿಗೆ ಅವನಲ್ಲೇ ಅಟ್ಟೆ ಹಾಕಿಸುತ್ತಿದ್ದವರು. ಗೇಟಿನಲ್ಲಿ ಬೂಟು ತೊಳೆಸುವ ಕೆಲಸಕ್ಕೆ ನಿಮಗಿಂತ ತಕ್ಕವರು ಸಿಗುವುದಿಲ್ಲ ತಾತ ಎಂದರು.

ಯಾಕೆ ತೊಳೆಸಬೇಕು ಎಂಬುದನ್ನೂ ಅವರೇ ವಿವರಿಸಿದರು. ಹೊರದೇಶದಿಂದ ಹಡಗಿನಲ್ಲಿ ಅಲಂಕಾರದ ಗಿಡಗಳು ಬರುತ್ತವೆ. ಅವುಗಳ ಕುಂಡದ ಮಣ್ಣಿನಲ್ಲಿ ಅವಿತುಕೊಂಡು ಒಂದು ಬೇರುಕೊಳೆ ರೋಗವೂ ಬಂದಿದೆ. ತಂದ ಗಿಡಗಳಿಗೆ ಅದು ಅಭ್ಯಾಸ, ಅವು ಜಗ್ಗುವುದಿಲ್ಲ. ಆದರೆ ಈ ಊರಿನ ಕಾಡಿನಲ್ಲಿ ಕೆಂದೊಗಟೆ ಎಂಬ ಮರವಿದೆ, ತೊಗಟೆ ಕೆಂಪಗೆ, ತೋಳು ಸಾಲದಷ್ಟು ದಪ್ಪ. ಪಾಪ, ಅದಕ್ಕೆ ಈ ರೋಗದ ಪರಿಚಯವೇ ಇಲ್ಲ. ರೋಗ ಒದ್ದೆ ಮಣ್ಣಿನಲ್ಲಿ ಈಜಿಕೊಂಡು ಹೋಗಿ ಸಣ್ಣ ಬೇರುಗಳನ್ನು ತಿನ್ನುತ್ತದೆ. ಮರ ನೀರಿನಲ್ಲೇ ನಿಂತಿದ್ದರೂ ನೀರು ಕುಡಿಯಲಾಗದೆ ಒಣಗುತ್ತದೆ. ಮದ್ದಿಲ್ಲ. ಆಚೆ ಬೆಟ್ಟದ ಕಾಡು ಹಾಗೇ ಹೋಯಿತು. ಚಿಟಿಕೆ ಒದ್ದೆ ಮಣ್ಣು ಅಟ್ಟೆಗೆ ಅಂಟಿ ಬಂದರೂ ಸಾಕು.

ನೀರಿನಲ್ಲಿ ನಿಂತು ಬಾಯಾರಿ ಸಾಯುವುದೆಂಬ ಮಾತು ತಾತನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮಾರನೆಯ ದಿನವೇ ಕೆಲಸಕ್ಕೆ ಹಾಜರಾದ.

ಅವನ ಶಿಸ್ತಿನ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಊರಲ್ಲಿ ಓಡಾಡುವುದಕ್ಕೆ ಒಂದು ಜೊತೆ ಶೂ, ಕಾಡಿನೊಳಗೆ ಹೋಗುವುದಕ್ಕೆ ಇನ್ನೊಂದು. ಕಾಡಿನ ಶೂಗಳು ಗೇಟಿನ ಬಳಿಯ ಪೆಟ್ಟಿಗೆ ಬಿಟ್ಟು ಊರಿನ ಕಡೆ ಬರುತ್ತಲೇ ಇರಲಿಲ್ಲ. ಬೇರೆಯವರ ಅಟ್ಟೆ ಒಂದು ಸಲ ಉಜ್ಜಿದರೆ ತನ್ನದನ್ನು ಎರಡು ಸಲ ಉಜ್ಜುತ್ತಿದ್ದ. ಇನ್ನು ಮಂಡಿ ನೋವಿನ ಕಾರಣಕ್ಕೆ ಅವನ ಕೈಯಲ್ಲಿ ಸದಾ ಒಂದು ಊರುಗೋಲು. ಒದ್ದೆ ಕಲ್ಲಿನ ಮೇಲೆ ಅದು ಜಾರುತ್ತದೆಂದು, ಅಂಗಡಿಯಲ್ಲಿ ಉಳಿದಿದ್ದ ಬೆಟ್ಟ ಹತ್ತುವ ಬೂಟಿನ ದಪ್ಪ ಅಟ್ಟೆಯಿಂದ ಒಂದು ಬಿಲ್ಲೆ ಕೊಯ್ದು, ಅಂಟು ಹಚ್ಚಿ, ಮೊಳೆ ಹೊಡೆದು ಕೋಲಿನ ತುದಿಗೆ ಕೂರಿಸಿದ್ದ. ಆಳವಾದ ಗೆರೆಗಳು, ನೆಲ ಕಚ್ಚಿದರೆ ಬಿಡುತ್ತಿರಲಿಲ್ಲ. ಕೈಕೆಲಸವೆಂದರೆ ಹೀಗಿರಬೇಕು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಎಲ್ಲರಿಗೂ ಎರಡು ಕಾಲು, ನಮ್ಮವರಿಗೆ ಮಾತ್ರ ಮೂರು, ಹೊಸ ಚಪ್ಪಲಿ ಮೂರನೆಯದಕ್ಕೇ ಎಂದು ಹೆಂಡತಿ ನಗುತ್ತಿದ್ದಳು.

ಹೆಂಡತಿಗೆ ಬಸ್ ನಿಲ್ದಾಣದ ಹಿಂದಿನ ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮನೆ ಬಿಡುತ್ತಿದ್ದರು. ನರ್ಸರಿಯ ನೆರಳುಬಲೆಯ ಕೆಳಗೆ, ಕುಂಡಗಳ ಸಾಲಿನ ನಡುವೆ, ಎರಡು ಬೋರಲು ಬುಟ್ಟಿಗಳ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುವುದು ಅವರ ದಿನದ ಸುಖ. ಅವಳು ಪೈಪು ಹಿಡಿದು ನೀರು ಬಿಟ್ಟ ನೆಲ ಯಾವಾಗಲೂ ಪಚಪಚ. ಚಹಾ ಮುಗಿದ ಮೇಲೆ ತಾತ ಕೋಲೂರಿಕೊಂಡು ಎದ್ದು, ಅದೇ ಕೆಸರಿನಲ್ಲಿ ನಡೆದು, ಗೇಟಿಗೆ ಹೋಗುತ್ತಿದ್ದ.

ಸಂಜೆ ಗೇಟು ಹಾಕುವ ಮುಂಚೆ ಒಳಗೆ ಯಾರೂ ಉಳಿದಿಲ್ಲವೆಂದು ನೋಡಿ ಬರಲು ಒಂದು ಸುತ್ತು ಹಾಕಬೇಕು. ಅರ್ಧ ಗಂಟೆಯ ಆ ಸುತ್ತಿಗೆ ತಾತ ಕತ್ತಲಾಗುವವರೆಗೂ ತೆಗೆದುಕೊಳ್ಳುತ್ತಿದ್ದ, ಯಾಕೆಂದರೆ ಅದು ನೆಂಟರ ಮನೆಗೆ ಹೋದ ಹಾಗೆ. ದಾರಿಯಿಂದ ಇಳಿದು ಹಳೆಯ ಕೆಂದೊಗಟೆ ಮರಗಳ ಹತ್ತಿರ ಹೋಗಿ, ಕೋಲಿನಿಂದ ಬುಡದ ಮಣ್ಣಿಗೆ ಮೆಲ್ಲಗೆ ಎರಡು ಸಲ ಕುಟ್ಟಿ, "ಏನವ್ವಾ, ಹೇಗಿದೀಯ?" ಎಂದು ವಿಚಾರಿಸುತ್ತಿದ್ದ. ಉಬ್ಬಿದ ಬೇರಿನವಳ ಹತ್ತಿರ ಕೋಲನ್ನು ಮಣ್ಣಿಗೆ ನೆಟ್ಟು ಬೇರಿನ ಮೇಲೆ ಸ್ವಲ್ಪ ಹೊತ್ತು ಕೂರುವುದು. ಸೊಟ್ಟ ಸೊಂಟದವಳ ಹತ್ತಿರ ಊರಿನ ಸುದ್ದಿ ಹೇಳುವುದು. ಅವಳಿ ಮರಗಳಿಗೆ ಮಾತ್ರ ಬುದ್ಧಿವಾದ. ಮಕ್ಕಳಿಲ್ಲದ ಮನೆಯ ಮಾತುಗಳೆಲ್ಲ ಎಲ್ಲಾದರೂ ಹೋಗಿ ಸೇರಬೇಕಲ್ಲ.

ಒಂದೇ ಒಂದು ಮರದ ಜೊತೆ ಮಾತ್ರ ತಾತ ಮಾತು ಬಿಟ್ಟಿದ್ದ. ಗೇಟು ದಾಟಿದ ತಕ್ಷಣ ಎಡಕ್ಕೆ ನಿಂತಿದ್ದ ಎತ್ತರದ ಮರ ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಒಣ ಕೊಂಬೆ ಉದುರಿಸಿ ಅವನ ಕನ್ನಡಕ ಪುಡಿ ಮಾಡಿತ್ತು. ಮರಕ್ಕೆ ಬೇಕೆಂದು ಮಾಡುವ ಬುದ್ಧಿ ಎಲ್ಲಿಂದ ಬರುತ್ತದೆ ಎಂದು ಹೆಂಡತಿ ಕೇಳಿದರೂ ತಾತ ಕರಗಲಿಲ್ಲ. ಚಿಕ್ಕ ಮಕ್ಕಳ ಹಾಗೆ ಟೂ ಬಿಟ್ಟವನು, ದಿನವೂ ಅದರ ಮುಂದೆಯೇ ಮುಖ ತಿರುಗಿಸಿಕೊಂಡು ದಾರಿಯ ಆಚೆ ಅಂಚಿನಲ್ಲಿ ನಡೆದುಹೋಗುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಉಬ್ಬಿದ ಬೇರಿನವಳ ಎಲೆ ಹಳದಿಯಾದವು. ತಾತ ಎರಡು ದಿನ ತನ್ನ ಕನ್ನಡಕವನ್ನೇ ಒರೆಸಿದ. ಮೂರನೆಯ ದಿನ ಬುಡದಲ್ಲಿ ತೊಗಟೆ ಸೀಳಿ ಕಪ್ಪು ಅಂಟು ಇಳಿದದ್ದು ಕಂಡಾಗ ಡಾಕ್ಟರಮ್ಮನಿಗೆ ಹೇಳಿಕಳಿಸಿದ. ಅವರು ಬುಡದ ಮಣ್ಣು ತೆಗೆದು, ಡಬ್ಬಿಗೆ ಹಾಕಿ ನೀರು ತುಂಬಿ, ಮೇಲೆ ಹಸಿರೆಲೆಗಳನ್ನು ತೇಲಿಬಿಟ್ಟರು. ರೋಗವಿದ್ದರೆ ಅದು ನೀರಿನಲ್ಲಿ ಈಜಿ ಬಂದು ಎಲೆ ಕಚ್ಚುತ್ತದೆ ಎಂದರು. ಕೆಲವು ದಿನಗಳ ಮೇಲೆ ಡಬ್ಬಿ ತಂದು ತೋರಿಸಿದಾಗ ಎಲೆಗಳ ಮೇಲೆ ಕಪ್ಪು ಮಚ್ಚೆ ಬಿದ್ದಿದ್ದವು.

ದುಃಖದ ಬೆನ್ನಿಗೇ ಸಿಟ್ಟು ಬಂತು. ಸಿಟ್ಟಿಗೆ ಒಂದು ತಲೆ ಬೇಕು. ತಲೆ ಸಿಕ್ಕಿತು, ಶಾಲೆಯ ಓಟದ ಮೇಷ್ಟ್ರದು. ಅವರು ದಿನಾ ಬೆಳಿಗ್ಗೆ ಮಕ್ಕಳನ್ನು ಕಾಡಿನ ದಾರಿಯಲ್ಲಿ ಓಡಿಸುತ್ತಿದ್ದರು. ಮಕ್ಕಳ ಶೂ ತೊಳೆಸುವಷ್ಟರಲ್ಲಿ ಕೈಯ ಗಡಿಯಾರ ನೋಡಿ ನೋಡಿ ಅವರಿಗೆ ಜೀವ ಹೋಗುತ್ತಿತ್ತು. ತಾತನಿಗೂ ಅವರಿಗೂ ಮೊದಲಿಂದ ಅಷ್ಟಕ್ಕಷ್ಟೆ. ಪಂದ್ಯ ಹತ್ತಿರವಿದ್ದ ಒಂದು ಬೆಳಿಗ್ಗೆ, ತಾತ ಒಬ್ಬರ ಬೂಟು ಉಜ್ಜುತ್ತಿದ್ದಾಗ ಮೇಷ್ಟ್ರು ತಮ್ಮ ಕಾಲು ತೊಳೆಸದೆ ಸರಕ್ಕನೆ ಗೇಟು ದಾಟಿ ಓಡಿದ್ದರು. ತಾತ ಅದನ್ನು ಮರೆತಿರಲಿಲ್ಲ. ಅರಣ್ಯ ಇಲಾಖೆಯವರು ವಿಚಾರಿಸಲು ಬಂದಾಗ ಅದನ್ನೇ ಹೇಳಿದ.

"ಬೇರೆ ಯಾರನ್ನೂ ಹುಡುಕ್ಬೇಡಿ. ನನ್ನ ಕಣ್ಣಾರೆ ನೋಡಿದೀನಿ. ಆ ಮೇಷ್ಟ್ರೇ ತಂದಿದ್ದು."

ಮಾತು ಗೇಟು ದಾಟಿ ಊರು ಸೇರಲು ಎಷ್ಟು ಹೊತ್ತು? ಮೇಷ್ಟ್ರಿಗೆ ಕಾಡಿನೊಳಗೆ ಕಾಲಿಡಬಾರದೆಂದು ಆಜ್ಞೆಯಾಯಿತು. ಶಾಲೆಯವರು ಓಟದ ತಂಡವನ್ನು ಅವರ ಕೈಯಿಂದ ತೆಗೆದರು. ಹಾಲಿನ ಅಂಗಡಿಯಲ್ಲಿ ಅವರು ಬಂದು ನಿಂತರೆ ಮಾತು ನಿಲ್ಲುತ್ತಿತ್ತು. ತಾವು ಒಂದು ದಿನ ತೊಳೆಸದೆ ಹೋದದ್ದು ನಿಜವೆಂದು ಮೇಷ್ಟ್ರು ಒಪ್ಪಿಕೊಂಡಿದ್ದೇ ಅವರಿಗೆ ಮುಳುವಾಯಿತು. ಅವರನ್ನು ನಂಬಿ ಉಳಿದ ನಾಲ್ಕಾರು ಮಕ್ಕಳನ್ನು ಸಂಜೆ ಬಸ್ ನಿಲ್ದಾಣದ ಪಕ್ಕದ ಮೈದಾನದಲ್ಲಿ, ಹೊಗೆ ಧೂಳಿನ ನಡುವೆ ಓಡಿಸುತ್ತಿದ್ದರು. ತಾತ ಆ ಕಡೆ ನೋಡದೆ ಮನೆಗೆ ಹೋಗುತ್ತಿದ್ದ. ತಕ್ಕ ಶಾಸ್ತಿಯಾಯಿತು ಎಂದೇ ಅವನ ಭಾವನೆ. ಇತ್ತ ಸೊಟ್ಟ ಸೊಂಟದವಳೂ ಎಲೆ ಉದುರಿಸಿದಳು. ಆಮೇಲೆ ಅವಳಿಗಳು. ತಾತ ಪ್ರತಿ ಸಂಜೆ ಹೋಗಿ, ಬುಡ ಕುಟ್ಟಿ, ಸಮಾಧಾನ ಹೇಳಿ ಬರುತ್ತಿದ್ದ.

ಆಗ ಇನ್ನೊಂದು ಸುದ್ದಿ ಬಂತು. ರೋಗದ ಮೂಲ ಹುಡುಕುತ್ತ ಡಾಕ್ಟರಮ್ಮ ಊರಿನ ನರ್ಸರಿಯ ಮಣ್ಣನ್ನೂ ಡಬ್ಬಿಗೆ ಹಾಕಿ ನೋಡಿದ್ದರು. ಅಲ್ಲಿಯೂ ಎಲೆ ಕಪ್ಪಾಯಿತು. ಬಣ್ಣದ ಎಲೆಯ ಹೊರದೇಶದ ಗಿಡಗಳ ಕುಂಡದಲ್ಲಿ ರೋಗ ಬಂದು ಕೂತಿತ್ತು. ಮಾಲೀಕನಿಗೂ ಗೊತ್ತಿಲ್ಲ, ನೀರು ಹಾಕುತ್ತಿದ್ದವಳಿಗೂ ಗೊತ್ತಿಲ್ಲ, ಗಿಡಗಳು ನೋಡಲು ನಳನಳಿಸುತ್ತಿದ್ದವು. ಎಲ್ಲವನ್ನೂ ಸುಟ್ಟು ನರ್ಸರಿಗೆ ಬೀಗ ಹಾಕಿದರು. ಹೆಂಡತಿ ಕೆಲಸ ಕಳೆದುಕೊಂಡು ಮನೆಗೆ ಬಂದಳು. ಅವಳು ಸಾಕಿದ ಗಿಡಗಳು ಉರಿಯುವುದನ್ನು ನಿಂತು ನೋಡಿ ಬಂದಿದ್ದಳು. ಆ ದಿನ ಊಟ ಮಾಡಲಿಲ್ಲ.

ಡಾಕ್ಟರಮ್ಮನಿಗೆ ಒಂದೇ ಬಗೆಹರಿಯದ ವಿಷಯ. ರೋಗ ನರ್ಸರಿಯಿಂದ ಕಾಡಿಗೆ ಹತ್ತಿದ್ದು ಹೇಗೆ? ಮೇಷ್ಟ್ರು ನರ್ಸರಿಗೆ ಹೋಗುತ್ತಿದ್ದರೇ ಎಂದು ತಾತನನ್ನು ಕೇಳಿದರು. ಹೋಗಿರಲೇಬೇಕು ಎಂದ ತಾತ. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ, ಆ ಮನುಷ್ಯ ಒಂದು ದಿನವೂ ನರ್ಸರಿ ಹೊಸಿಲು ತುಳಿದವನಲ್ಲ ಎಂದಳು. ತಾತನಿಗೆ ಏನೋ ಕಸಿವಿಸಿಯಾಯಿತು. ಅದನ್ನು ಹೆಂಡತಿಯ ಮೇಲೆಯೇ ತೀರಿಸಿಕೊಂಡು, ನಿನಗೆ ಏನು ಗೊತ್ತು ಎಂದು ಗದರಿಸಿ ಮಲಗಿದ.

ಕೈ ಖಾಲಿಯಾದ ಹೆಂಡತಿ ಮನೆಯ ಒಂದೊಂದೇ ಸಾಮಾನು ಹಿಡಿದು ತೊಳೆಯತೊಡಗಿದ್ದಳು. ಪಾತ್ರೆ ಆಯಿತು, ಕಿಟಕಿ ಆಯಿತು, ಒಂದು ಭಾನುವಾರ ಬೆಳಿಗ್ಗೆ ಕೋಲಿನ ಸರದಿ ಬಂತು. ಹಿತ್ತಿಲ ಕಲ್ಲಿನ ಮೇಲೆ ಕೂತು, ಕೋಲನ್ನು ತಲೆಕೆಳಗು ಮಾಡಿ ತೊಡೆಗೆ ಒರಗಿಸಿಕೊಂಡು, ತುದಿಯ ಬಿಲ್ಲೆಯ ಗೆರೆಗಳಿಂದ ಹೇರ್‌ಪಿನ್ನಿನಲ್ಲಿ ಮಣ್ಣು ಕೆದಕಿ ಕೆದಕಿ ತೆಗೆಯುತ್ತಿದ್ದಳು. ತಾತ ಪಕ್ಕದಲ್ಲಿ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದ.

"ಊರೋರ ಅಟ್ಟೆಯೆಲ್ಲ ಉಜ್ತೀರಿ. ನಿಮ್ಮ ಮೂರನೇ ಕಾಲನ್ನ ಯಾವತ್ತಾದ್ರೂ ತೊಳೆದಿದೀರೇನ್ರೀ?" ಎಂದಳು ನಗುತ್ತ.

ತಾತನೂ ನಗಲು ಬಾಯಿ ತೆರೆದ. ಕಲ್ಲಿನ ಮೇಲೆ ಬಿದ್ದ ಮಣ್ಣಿನ ಹೆಂಟೆಯಲ್ಲಿ ಬಿಳಿಯ ಸಣ್ಣ ಕಾಳುಗಳಿದ್ದವು. ಕುಂಡದ ಮಣ್ಣು ಹಗುರವಾಗಲೆಂದು ನರ್ಸರಿಯವರು ಬೆರೆಸುವ ಕಾಳು. ಕಾಡಿನಲ್ಲಿ ಅದು ಎಲ್ಲಿಯೂ ಸಿಗುವುದಿಲ್ಲ. ಹೆಂಡತಿಗೂ ಅದು ಕಂಡಿತು. ಅವಳ ಕೈಯ ಪಿನ್ನು ಅಲ್ಲೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ತಾತ ಆ ಮಣ್ಣನ್ನು ಒಂದು ಕವರಿನಲ್ಲಿ ಕಟ್ಟಿಕೊಂಡು, ಕೋಲನ್ನೂ ಇನ್ನೊಂದು ಕವರಿನಲ್ಲಿ ಸುತ್ತಿ, ಗೋಡೆ ಹಿಡಿದುಕೊಂಡು ನಡೆಯುತ್ತ ಡಾಕ್ಟರಮ್ಮನ ಆಫೀಸಿಗೆ ಹೋದ. ಪರೀಕ್ಷೆ ಮಾಡಿ ಎಂದ. ಅವರು ಮತ್ತೆ ಡಬ್ಬಿಯಲ್ಲಿ ಎಲೆ ತೇಲಿಬಿಟ್ಟರು. ಎಲೆ ಕಪ್ಪಾಗುವವರೆಗಿನ ದಿನಗಳನ್ನು ತಾತ ಹೇಗೆ ಕಳೆದನೋ ಅವನಿಗೇ ಗೊತ್ತು. ಗೇಟಿನಲ್ಲಿ ಜನರ ಅಟ್ಟೆ ಉಜ್ಜುತ್ತಿದ್ದ, "ಹೂಂ, ಹೋಗಿ" ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಎಲೆ ಕಪ್ಪಾಯಿತು. ಆದರೆ ಡಾಕ್ಟರಮ್ಮ ಒಳ್ಳೆಯ ಮನಸ್ಸಿನವರು. ಇಷ್ಟರಿಂದಲೇ ನೀವು ತಂದಿರಿ ಎಂದು ಹೇಳಲಾಗುವುದಿಲ್ಲ ತಾತ ಎಂದರು. ಕಾಯಿಲೆ ಬಿದ್ದ ಮರಗಳ ಬುಡದಲ್ಲಿ ಕುಟ್ಟಿದಾಗಲೇ ರೋಗ ಕೋಲಿಗೆ ಅಂಟಿರಬಹುದು. ಮೊದಲು ತಂದದ್ದು ಹಂದಿಯೋ ಮಳೆ ನೀರೋ ಯಾರು ಬಲ್ಲರು? ಕೋಲು ತೊಳೆಸಬೇಕೆಂದು ತಮಗೂ ಹೊಳೆಯಲಿಲ್ಲ, ಫಲಕದಲ್ಲಿ ಬರೆದದ್ದೂ ಬರೀ ಪಾದರಕ್ಷೆ ಎಂದು, ಅದು ತಮ್ಮದೇ ತಪ್ಪು ಎಂದರು. ಇದು ನಮ್ಮಿಬ್ಬರಲ್ಲೇ ಇದ್ದರೂ ಸುಳ್ಳು ಹೇಳಿದಂತೆ ಆಗುವುದಿಲ್ಲ ಎಂದೂ ಮೆಲ್ಲಗೆ ಸೇರಿಸಿದರು.

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ತಾತ ಆ ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಂತದ್ದೂ ನಿಜ. ಯಾರು ತಾನೇ ನಿಲ್ಲುವುದಿಲ್ಲ? ಆದರೆ ಅವನ ಕಣ್ಣ ಮುಂದೆ ಮರಗಳು ಸಾಲಾಗಿ ಬಂದವು. ಮೇಷ್ಟ್ರೂ ಮಕ್ಕಳೂ ಓಡುತ್ತಿದ್ದದ್ದು ದಾರಿಯ ಮೇಲೆ, ಗಡಿಯಾರ ನೋಡಿಕೊಂಡು. ಅವರು ಎಲ್ಲಿಯೂ ನಿಂತವರಲ್ಲ, ದಾರಿ ಬಿಟ್ಟು ಇಳಿದವರೂ ಅಲ್ಲ. ದಾರಿಯಂಚಿನ ಮರಗಳೆಲ್ಲ ಹಸಿರಾಗಿವೆ. ಒಣಗಿದ್ದು ಉಬ್ಬಿದ ಬೇರಿನವಳು, ಸೊಟ್ಟ ಸೊಂಟದವಳು, ಅವಳಿಗಳು. ತಾನು ದಿನಾ ಹೋಗಿ ಕುಶಲ ಕೇಳಿದವರು. ಒಬ್ಬರನ್ನೂ ಬಿಡದೆ ಅವರೇ. ಮತ್ತೆ ಗೇಟಿನ ಎಡಕ್ಕೆ ನಿಂತವಳು, ತಾನು ಒಂದು ದಿನವೂ ಹತ್ತಿರ ಹೋಗದವಳು, ತಲೆಯ ತುಂಬ ಎಲೆ ಹೊತ್ತು ನಿಂತಿದ್ದಾಳೆ.

"ಹಂದಿಗೆ ನನ್ನ ನೆಂಟರು ಯಾರು ಅಂತ ಹೇಗಮ್ಮಾ ಗೊತ್ತಾಗುತ್ತೆ?" ಎಂದ ತಾತ. ಅಷ್ಟು ಹೇಳಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಅಂದೇ ಸಂಜೆ ಹೆಂಡತಿಯ ಭುಜ ಹಿಡಿದುಕೊಂಡು ಮೈದಾನಕ್ಕೆ ಹೋದ. ಮೇಷ್ಟ್ರು ಗೋಡೆಯ ಹತ್ತಿರ ನಿಂತು ಮಕ್ಕಳಿಗೆ ಸೀಟಿ ಊದುತ್ತಿದ್ದರು. ತಾತನನ್ನು ಕಂಡು ಸೀಟಿ ಬಾಯಿಂದ ತೆಗೆದರು, ಬನ್ನಿ ಎನ್ನಲಿಲ್ಲ. ಬಸ್ಸಿಗೆ ಕಾದಿದ್ದ ಜನ ತಿರುಗಿ ನೋಡಿದರು. ಒಳ್ಳೆಯದೇ ಆಯಿತು ಎಂದುಕೊಂಡ ತಾತ, ಊರೆದುರು ಹೇಳಿದ್ದನ್ನು ಊರೆದುರೇ ಬಿಡಿಸಬೇಕು.

"ಮೇಷ್ಟ್ರೇ, ಕಾಡಿಗೆ ರೋಗ ತಂದಿದ್ದು ನೀವಲ್ಲ, ನಾನು. ನನ್ನ ಕೋಲಿಗೆ ನಾನೇ ಅಟ್ಟೆ ಹೊಡೆದು ಅದನ್ನ ತೊಳೆಯೋದು ಮರೆತೆ. ನಿಮ್ಮ ಮೇಲೆ ಹೇಳಿದ್ದು ತಪ್ಪಾಯ್ತು."

ಅಪ್ಪಿಕೊಂಡು ಪರವಾಗಿಲ್ಲ ತಾತ ಎನ್ನುತ್ತಾರೆಂದು ಯಾರಾದರೂ ಕಾದಿದ್ದರೆ, ಪಾಪ, ಮೇಷ್ಟ್ರೂ ಮನುಷ್ಯರೇ ಅಲ್ಲವೇ.

"ನನ್ನ ಮಗಳನ್ನ ಕ್ಲಾಸಲ್ಲಿ ಏನಂತ ಕರೀತಾರೆ ಗೊತ್ತಾ ನಿಮಗೆ? ಕಾಡು ಕೊಂದೋನ ಮಗಳು ಅಂತ," ಎಂದರು. ಧ್ವನಿ ಏರಲಿಲ್ಲ. "ಅವಳಿಗೆ ಹೇಳಿ. ನನಗಲ್ಲ."

ತಾತ ಮಾರನೆಯ ದಿನ ಶಾಲೆಗೂ ಹೋದ. ಹೆಡ್ಮಾಸ್ಟರ ಅಪ್ಪಣೆ ಕೇಳಿ, ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಮುಂದೆ, ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಮಗಳನ್ನು, ಎರಡು ಜಡೆಯ ಹುಡುಗಿಯನ್ನು, ನೋಡಿಕೊಂಡು ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಹುಡುಗಿ ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡಳು. ತಾತನ ಕಣ್ಣೂ ಅಭ್ಯಾಸಬಲದಿಂದ ಅಲ್ಲಿಗೇ ಹೋಯಿತು.

ಕೆಲಸ ಬಿಡುತ್ತೇನೆ ಎಂದು ಅರಣ್ಯ ಇಲಾಖೆಗೆ ಹೇಳಿದಾಗ ಡಾಕ್ಟರಮ್ಮ ಒಪ್ಪಲಿಲ್ಲ. ಈ ಊರಿನಲ್ಲಿ ಇನ್ನು ಮುಂದೆ ಅವನಷ್ಟು ಹೆದರಿ ಕೆಲಸ ಮಾಡುವವರು ಯಾರಿದ್ದಾರೆ ಎಂದು ಮೇಲಿನವರ ಹತ್ತಿರ ವಾದಿಸಿದರು. ಒಣಗಿದ ಮರಗಳ ಸುತ್ತ ಬೇಲಿ ಬಂತು. ಮೇಲಿನ ಕಾಡು ಮುಚ್ಚಿತು. ಕೆಳಗಿನ ದಾರಿ ಮಾತ್ರ ಒಣ ತಿಂಗಳುಗಳಲ್ಲಿ ತೆರೆಯುವುದೆಂದಾಯಿತು. ಫಲಕದಲ್ಲಿ ಪಾದರಕ್ಷೆಯ ಪಕ್ಕ ಕೋಲು, ಸೈಕಲ್ಲು, ನಾಯಿಯ ಪಾದ ಎಂದು ಸೇರಿತು. ಹಳೆಯ ಕೋಲನ್ನು ತಾತನೇ ಬೆಂಕಿಗೆ ಹಾಕಿದ. ಈಗ ಅವನ ಕೈಯಲ್ಲಿರುವುದು ಬೋಳು ಕಬ್ಬಿಣದ ಕೊಳವೆ, ತುದಿ ನುಣ್ಣಗೆ. ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಆದರೆ ಒದ್ದೆ ಕಲ್ಲಿನ ಮೇಲೆ ತಾತ ಈಗ ನಡೆಯುವುದೇ ಇಲ್ಲ, ಯಾಕೆಂದರೆ ಇಲಾಖೆಯವರ ಹತ್ತಿರ ಅವನು ಒಂದನ್ನು ಕೇಳಿಕೊಂಡಿದ್ದ. ಸಂಜೆಯ ಸುತ್ತನ್ನು ಬೇರೆ ಯಾರಾದರೂ ಹಾಕಲಿ. ತಾನು ಗೇಟಿನ ಆಚೆ ಕಾಲಿಡುವುದಿಲ್ಲ.

ಯಾರೂ ಅವನಿಗೆ ಹಾಗೆ ಶಿಕ್ಷೆ ಕೊಟ್ಟಿರಲಿಲ್ಲ. ತೊಳೆದುಕೊಂಡು ಹೋಗಬಹುದಲ್ಲ ತಾತ ಎಂದು ಡಾಕ್ಟರಮ್ಮನೇ ಹೇಳಿದ್ದರು. ತಾತ ಬೇಡವೆಂದು ತಲೆಯಾಡಿಸಿದ್ದ.

ಬೇಸಿಗೆಯಲ್ಲಿ ಕೆಳಗಿನ ದಾರಿ ತೆರೆದ ಮೊದಲ ದಿನ ಓಟದ ಮೇಷ್ಟ್ರು ತಂಡದೊಡನೆ ಬಂದರು. ಶಾಲೆಯವರು ಅದನ್ನು ಅವರಿಗೆ ಮರಳಿಸಿದ್ದರು. ಮೇಷ್ಟ್ರು ಎಲ್ಲರಿಗಿಂತ ಮುಂಚೆ ಬೆಂಚಿನ ಮೇಲೆ ಕೂತು, ಎರಡೂ ಕಾಲು ಚಾಚಿದರು. ತಾತ ಉಜ್ಜಿದ. ದಬ್ಬಣದಿಂದ ಒಂದೊಂದು ಗೆರೆ ಕೆದಕಿದ. ಮೇಷ್ಟ್ರು ಗಡಿಯಾರ ನೋಡಲಿಲ್ಲ. ಎದ್ದವರು ಗೇಟಿನವರೆಗೆ ಹೋಗಿ, ಏನೋ ನೆನಪಾದವರಂತೆ ತಿರುಗಿ ಬಂದು, ಕತ್ತಿನ ಸೀಟಿಯ ದಾರ ಹಿಡಿದು, "ಇದನ್ನೂ ತೊಳೀಬೇಕಾ?" ಎಂದು ಕೇಳಿದರು. ಗಂಭೀರವಾಗಿ ಕೇಳಿದರೋ ತಮಾಷೆಗೋ ತಾತನಿಗೆ ತಿಳಿಯಲಿಲ್ಲ. ಬೇಡ ಎಂದ. ಮೇಷ್ಟ್ರ ತುಟಿಯಂಚು ಸ್ವಲ್ಪ ಸಡಿಲವಾಯಿತು. ಮಕ್ಕಳು ಓಡಿಹೋದರು.

ಹೆಂಡತಿ ಈಗ ಚಹಾದ ಫ್ಲಾಸ್ಕು ಹಿಡಿದು ಗೇಟಿಗೇ ಬರುತ್ತಾಳೆ. ಆ ದಿನವೂ ಬಂದು ಪಕ್ಕದಲ್ಲಿ ಕೂತಳು. ಗೇಟಿನಾಚೆ, ಎಡಕ್ಕೆ, ಎತ್ತರದ ಕೆಂದೊಗಟೆ ಹೂ ಬಿಟ್ಟಿತ್ತು. ಕೂತಲ್ಲಿಂದ ಅದರ ಬುಡದವರೆಗೂ ಕಾಣುತ್ತಿತ್ತು, ಕೈಯಳತೆ ಎನ್ನುವಷ್ಟು ಹತ್ತಿರ. ಗಂಡ ಅದನ್ನೇ ರೆಪ್ಪೆ ಬಡಿಯದೆ ನೋಡುತ್ತಿರುವುದು ಅವಳಿಗೆ ಕಂಡಿತು.

"ಇನ್ನಾದ್ರೂ ಮಾತಾಡಿಸ್ಬಾರ್ದಾ ಅದನ್ನ? ಪಾಪ, ನಿಮ್ಮ ಪರಿಚಯದೋರಲ್ಲಿ ಉಳಿದಿರೋದು ಅದೊಂದೇ," ಎಂದಳು.

"ಬೇಡ ಕಣೇ," ಎಂದ ತಾತ. "ಮಾತಾಡಿಸಿದ್ರೆ ಹತ್ತಿರ ಹೋಗ್ಬೇಕು ಅನ್ಸುತ್ತೆ."

ಚಹಾದ ಲೋಟ ಕೆಳಗಿಟ್ಟು, ಎದ್ದು, ತನ್ನ ಸ್ಟೂಲನ್ನು ಮರಕ್ಕೆ ಬೆನ್ನು ಬರುವ ಹಾಗೆ ತಿರುಗಿಸಿ ಹಾಕಿಕೊಂಡು ಕೂತ. ದಾರಿಯಲ್ಲಿ ಯಾರೋ ಬರುತ್ತಿದ್ದರು. ತಾತ ಬ್ರಷ್ಷು ಕೈಗೆ ತೆಗೆದುಕೊಂಡ.